ಕಲ್ಲಿನ ಊರು ಯಾವುದು?

ಶಿಲಾಯುಗದ ನೆಲೆಗಳ ಬಗೆಗಿನ ನಮ್ಮ ಉತ್ಖನನ ವರದಿಗಳಲ್ಲಿ ಆಯುಧದ ಆಕಾರಕ್ಕೆ ಸಿಗುವ ಮರ್ಯಾದೆ ಅದರ ಕಲ್ಲಿಗೆ ಸಿಗುವುದು ಕಡಿಮೆ. ಕೈಗೊಡಲಿ ಎಷ್ಟು ಉದ್ದ, ಅಂಚು ಎಷ್ಟು ಚೂಪು, ಚಕ್ಕೆಗಳನ್ನು ಯಾವ ಕ್ರಮದಲ್ಲಿ ತೆಗೆದಿದ್ದಾರೆ ಎಂಬುದಕ್ಕೆ ಪುಟಗಳು ಮೀಸಲಾಗುತ್ತವೆ. ಕಲ್ಲಿನ ಮಾತು ಬಂದಾಗ ‘ಚರ್ಟ್’, ‘ಕ್ವಾರ್ಟ್ಜೈಟ್’, ‘ಟ್ರ್ಯಾಪ್’ ಎಂಬ ಒಂದು ಹೆಸರು ಕೋಷ್ಟಕದ ಅಂಕಣದಲ್ಲಿ ಕುಳಿತು ಸುಮ್ಮನಾಗುತ್ತದೆ. ಆಕಾರ ಕೈಯ ಕಸುಬನ್ನು ಹೇಳುತ್ತದೆ. ಕಲ್ಲು ಹೇಳುವುದು ಕಾಲು ನಡೆದ ದಾರಿಯನ್ನು. ಆ ದಾರಿಯನ್ನು ಓದುವುದರಲ್ಲಿ ಕರ್ನಾಟಕದ ಪ್ರಾಗಿತಿಹಾಸ ಅಧ್ಯಯನ ಎಲ್ಲಿ ಗೆದ್ದಿದೆ, ಎಲ್ಲಿ ಇನ್ನೂ ಹಿಂದಿದೆ ಎಂದು ನೋಡಬೇಕಾದ ಕಾಲ ಇದು.

ಈ ಅಧ್ಯಯನ ಶುರುವಾದದ್ದೇ ಭೂವಿಜ್ಞಾನಿಯೊಬ್ಬರಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕ್ವಾರ್ಟ್ಜೈಟ್ ಆಯುಧವನ್ನು ಗುರುತಿಸಿದರು. ಮುಂದೆ ಮಲಪ್ರಭಾ ಸೀಮೆಯಲ್ಲೂ ಬಳ್ಳಾರಿ ಸೀಮೆಯಲ್ಲೂ ಅಲೆದರು. ನೆಲದ ಶಿಲೆಯನ್ನು ಬಲ್ಲವರಾದ್ದರಿಂದ, ಆಯುಧ ಸಿಕ್ಕ ಜಾಗದ ಜೊತೆಗೆ ಸುತ್ತಲ ಬೆಟ್ಟದ ಬಂಡೆಯನ್ನೂ ನೋಡುವುದು ಅವರಿಗೆ ಸಹಜವಾಗಿತ್ತು. ಅವರ ಕೆಲಸದ ದೊಡ್ಡ ಬಲ ಇದು. ಆದರೆ ಅವರ ಕಾಲದ ಹೆಸರುಗಳನ್ನು ನಂತರದವರು ಪರೀಕ್ಷಿಸದೆ ಹೊತ್ತು ತಂದದ್ದರಿಂದ ತೊಡಕಾಯಿತು.

‘ಟ್ರ್ಯಾಪ್’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಹಳೆಯ ವರದಿಗಳಲ್ಲಿ ಕಪ್ಪಗೆ, ಭಾರವಾಗಿರುವ ನಯಗೊಡಲಿಗಳಿಗೆಲ್ಲ ಇದೇ ಹೆಸರು. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ಹರಡಿಕೊಂಡಿರುವ ದಖ್ಖನ್ ಲಾವಾದ ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಿಂದಿನದು. ಬಳ್ಳಾರಿಯ ಗ್ರಾನೈಟ್ ಗುಡ್ಡಗಳನ್ನು ಸೀಳಿಕೊಂಡು ಗೋಡೆಯ ಹಾಗೆ ನಿಂತ ಡೊಲೆರೈಟ್ ಡೈಕುಗಳು ಅದಕ್ಕಿಂತ ಎಷ್ಟೋ ಪಾಲು ಹಳೆಯವು. ಎರಡರಲ್ಲೂ ಇರುವ ಮುಖ್ಯ ಖನಿಜಗಳು ಹೆಚ್ಚುಕಡಿಮೆ ಒಂದೇ. ಲಾವಾ ನೆಲದ ಮೇಲೆ ಬೇಗ ಆರಿದರೆ ಸಣ್ಣ ಕಣದ ಬಸಾಲ್ಟ್, ಭೂಮಿಯ ಬಿರುಕಿನೊಳಗೆ ನಿಧಾನವಾಗಿ ಆರಿದರೆ ತುಸು ದಪ್ಪ ಕಣದ ಡೊಲೆರೈಟ್. ರಾಯಚೂರು ಸೀಮೆಯಲ್ಲಿ ಸಿಕ್ಕ ಕೊಡಲಿಗೆ ‘ಟ್ರ್ಯಾಪ್’ ಎಂದು ಬರೆದು ಮುಗಿಸಿದರೆ, ಅದು ಉತ್ತರದ ಲಾವಾ ಸೀಮೆಯದೋ ದಕ್ಷಿಣದ ಡೈಕಿನದೋ ಎಂಬ ಮುಖ್ಯ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ಸಾವಿರಾರು ವರ್ಷಗಳ ಹಿಂದಿನ ಕೊಡುಕೊಳ್ಳುವಿಕೆಯ ದಿಕ್ಕೇ ಇಲ್ಲಿ ತಪ್ಪಬಹುದು.

ಕಲ್ಲನ್ನು ಸರಿಯಾಗಿ ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಶ್ರೇಷ್ಠ ಉದಾಹರಣೆ ಇದೆ: ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಈ ಕಣಿವೆಯಲ್ಲಿ ದಶಕಗಳ ಕಾಲ ದುಡಿದರು. ಅವರ ತಂಡ 1990ರ ದಶಕದ ಕೊನೆಯಲ್ಲಿ ಇಸಾಂಪುರವನ್ನು ಅಗೆದಾಗ ಕಂಡದ್ದು ಹಳೆ ಶಿಲಾಯುಗದವರ ಕಲ್ಲುಗಣಿ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಪಡೆದ ಕಾಲಮಾನ ಸುಮಾರು 12 ಲಕ್ಷ ವರ್ಷ. ಕಲ್ಲು ಭೀಮಾ ಜಲಾನಯನದ ಸುಣ್ಣಕಲ್ಲು; ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಇದೇ ಶಿಲಾಸಮೂಹದ್ದು.

ಮೆತ್ತಗಿನ ಸುಣ್ಣಕಲ್ಲಿನಲ್ಲಿ ಆಯುಧ ಹೇಗೆ ಮಾಡಿದರು? ಉತ್ತರ ಕಲ್ಲಿನ ಗುಣದಲ್ಲೇ ಇದೆ. ಇಲ್ಲಿಯದು ಸಿಲಿಕಾ ತುಂಬಿಕೊಂಡು ಗಟ್ಟಿಯಾದ ಸುಣ್ಣಕಲ್ಲು. ಏಟು ಬಿದ್ದರೆ ಪುಡಿಯಾಗದೆ ಚಕ್ಕೆಯಾಗಿ ಏಳುತ್ತದೆ. ಜೊತೆಗೆ, ಬಂಡೆ ತಾನಾಗಿಯೇ ಬಿರುಕು ಬಿಟ್ಟು ಹಲಗೆ ಹಲಗೆಯಾಗಿ ಒಡೆದುಕೊಂಡಿತ್ತು. ತಕ್ಕ ದಪ್ಪದ ಹಲಗೆಯನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಒಡೆಯಲು ಬಳಸಿದ ಸುತ್ತಿಗೆಗಲ್ಲುಗಳು ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್‌ನವು, ಅಂದರೆ ಬೇರೆ ಜಾತಿಯ ಕಲ್ಲುಗಳು. ಒಡೆಸಿಕೊಳ್ಳುವ ಕಲ್ಲು ಯಾವುದು, ಒಡೆಯುವ ಕಲ್ಲು ಯಾವುದು ಎಂಬ ವಿವೇಚನೆ ಆ ಮನುಷ್ಯರಿಗಿತ್ತು. ಕಲ್ಲುಗಳನ್ನು ಬೇರೆಬೇರೆಯಾಗಿ ಗುರುತಿಸದಿದ್ದರೆ ಇಷ್ಟು ದೊಡ್ಡ ಮಾತನ್ನು ಹೇಳಲು ಆಧಾರವೇ ಇರುತ್ತಿರಲಿಲ್ಲ. ಮುಟ್ಟದ ಬಂಡೆಯಿಂದ ಮುಗಿದ ಕೈಗೊಡಲಿಯವರೆಗಿನ ಹಂತಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು ಇಸಾಂಪುರದ ಕೆಲಸದ ಹಿರಿಮೆ. ಮಿತಿಯೂ ಇದೆ. ಸುಣ್ಣಕಲ್ಲು ಕಣಿವೆಯ ಹಲವೆಡೆ ಇರುವುದರಿಂದ, ಬೇರೆ ನೆಲೆಯಲ್ಲಿ ಸಿಕ್ಕ ಆಯುಧವನ್ನು ಬರಿಗಣ್ಣಿನಿಂದ ನೋಡಿ ಇಸಾಂಪುರದ್ದೆಂದು ಹೇಳಲು ಬರುವುದಿಲ್ಲ.

ಎರಡನೆಯ ಗಟ್ಟಿ ಉದಾಹರಣೆ ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳು. ಫೂಟ್ ಅಲ್ಲಿಯ ಕೊಡಲಿ ತಯಾರಿಕೆಯನ್ನು ಗುರುತಿಸಿದ್ದರು, ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದರು. ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಇತ್ತೀಚಿನ ದಶಕಗಳಲ್ಲಿ ಮತ್ತೆ ಸಮಗ್ರವಾಗಿ ಪರಿಶೀಲಿಸಿದರು. ಹಿರೇಗುಡ್ಡದಲ್ಲಿ ಡೈಕಿನಿಂದ ತೆಗೆದ ಡೊಲೆರೈಟ್ ತುಂಡು, ಒರಟಾಗಿ ಕೆತ್ತಿದ ಅರೆಕೊಡಲಿ, ರಾಶಿ ರಾಶಿ ಚಕ್ಕೆ, ಉಜ್ಜಿ ಉಜ್ಜಿ ಸವೆದ ಬಂಡೆ ಎಲ್ಲವೂ ಒಂದೇ ಗುಡ್ಡದಲ್ಲಿವೆ. ನವಶಿಲಾಯುಗದ ಕಾರ್ಖಾನೆ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆಯಲ್ಲ. ಆದರೆ ಇಲ್ಲಿಂದ ಹೊರಟ ಕೊಡಲಿ ಎಲ್ಲಿಯವರೆಗೆ ಹೋಯಿತು ಎಂಬ ಪ್ರಶ್ನೆ ಕಠಿಣ. ದಕ್ಷಿಣ ಭಾರತದ ಹಳೆಯ ಶಿಲೆಗಳ ನಡುವೆ ಇಂಥ ಡೈಕುಗಳು ಲೆಕ್ಕವಿಲ್ಲದಷ್ಟಿವೆ. ಶಿಲಾ ರಸಾಯನ ಪರೀಕ್ಷೆ ನೆರವಾಗುತ್ತದೆ, ನಿಜ. ಆದರೆ ಒಂದೇ ಮೂಲದ ಶಿಲಾರಸದಿಂದ ಎದ್ದ ಡೈಕುಗಳು ದೂರ ದೂರದಲ್ಲಿದ್ದರೂ ರಾಸಾಯನಿಕವಾಗಿ ಹೋಲಬಹುದು. ಯಂತ್ರದ ಅಂಕಿ ಬಂದ ಮಾತ್ರಕ್ಕೆ ಊರು ಗೊತ್ತಾಯಿತು ಎನ್ನುವುದು ಆತುರ.

ನನಗೆ ಹೆಚ್ಚು ಅಸಮಾಧಾನ ತರುವುದು ಸೂಕ್ಷ್ಮ ಶಿಲಾಯುಧಗಳ ಕೋಷ್ಟಕಗಳು. ಚರ್ಟ್ ಇಷ್ಟು ಶೇಕಡಾ, ಕ್ಯಾಲ್ಸಿಡೊನಿ ಇಷ್ಟು, ಅಗೇಟ್ ಇಷ್ಟು, ಜಾಸ್ಪರ್ ಇಷ್ಟು ಎಂದು ಬರೆದರೆ ನಾಲ್ಕು ಬೇರೆ ಮೂಲಗಳಿದ್ದಂತೆ ತೋರುತ್ತದೆ. ಇವೆಲ್ಲ ಸಿಲಿಕಾದ ರೂಪಗಳೇ. ಲಾವಾದ ಪೊಳ್ಳಿನಲ್ಲಿ ಬೆಳೆದ ಒಂದೇ ಗಡ್ಡೆಯಲ್ಲಿ ಒಂದು ಬದಿ ಪಟ್ಟೆಪಟ್ಟೆ ಅಗೇಟ್, ಇನ್ನೊಂದು ಬದಿ ಸಾದಾ ಕ್ಯಾಲ್ಸಿಡೊನಿ ಇರಬಹುದು. ಇದಕ್ಕಿಂತ ಹೆಚ್ಚು ಸುಳಿವು ಕೊಡುವುದು ಕಲ್ಲಿನ ಹೊರಸಿಪ್ಪೆ. ಅದು ಉರುಳಿ ನುಣುಪಾಗಿದ್ದರೆ ಕೃಷ್ಣೆಯದೋ ಭೀಮೆಯದೋ ಹೊಳೆದಂಡೆಯಲ್ಲಿ ಹೆಕ್ಕಿದ್ದು. ಒರಟಾಗಿ, ಸುಣ್ಣ ಮೆತ್ತಿಕೊಂಡಂತಿದ್ದರೆ ಸುಣ್ಣಕಲ್ಲಿನ ಪದರದಿಂದ ಕಿತ್ತದ್ದು. ಕಲ್ಲು ಹುಟ್ಟಿದ ಜಾಗ ಒಂದು, ಮನುಷ್ಯ ಅದನ್ನು ಎತ್ತಿಕೊಂಡ ಜಾಗ ಇನ್ನೊಂದು. ಸಿಪ್ಪೆಯನ್ನು ದಾಖಲಿಸದ ಕೋಷ್ಟಕ ಈ ಎರಡನ್ನು ಬೇರ್ಪಡಿಸಲಾರದು.

ಗುರುತಿಸುವ ವಿಧಾನ ಕಷ್ಟದ್ದೇನಲ್ಲ, ಬೇಕಾದದ್ದು ಶಿಸ್ತು. ಬಿಸಿಲು ಮಳೆಗೆ ಬಣ್ಣಗೆಟ್ಟ ಮೈ ನಂಬಲರ್ಹವಲ್ಲ. ಡೊಲೆರೈಟ್ ಹೊರಗೆ ಕಂದು ತೊಗಟೆ ಕಟ್ಟಿಕೊಂಡಿರುತ್ತದೆ, ಒಳಗೆ ಕರಿನೀಲಿ. ಆದ್ದರಿಂದ ಹೊಸದಾಗಿ ಒಡೆದ ಮುಖವನ್ನೇ ನೋಡಬೇಕು. ಒಂದು ಹನಿ ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಸುಣ್ಣಕಲ್ಲು ನೊರೆಯುಕ್ಕಿಸುತ್ತದೆ, ಚರ್ಟ್ ಸುಮ್ಮನಿರುತ್ತದೆ. ಅನುಮಾನ ಉಳಿದರೆ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದ ಹಾಳೆಯನ್ನು ಸೂಕ್ಷ್ಮದರ್ಶಕದಡಿ ಇಡಬೇಕು. ಮ್ಯೂಸಿಯಮ್ಮಿನ ಕೊಡಲಿಯನ್ನು ಒಡೆಯಲಾಗದು, ಒಡೆಯಲೂಬಾರದು. ಆದರೆ ಅದೇ ನೆಲೆಯ ಕಸುಬಿನ ಚಕ್ಕೆಗಳು ಸಾವಿರಗಟ್ಟಲೆ ಇವೆ. ಬ್ರಿಟನ್ನಿನಲ್ಲಿ 1930ರ ದಶಕದಿಂದಲೇ ಕಲ್ಲುಕೊಡಲಿಗಳ ತೆಳುಹಾಳೆಗಳನ್ನು ನೋಡಿ ಗುಂಪುಗಳಾಗಿ ವಿಂಗಡಿಸಿದರು. ಗ್ರೇಟ್ ಲ್ಯಾಂಗ್‌ಡೇಲ್ ಬೆಟ್ಟದ ಕೊಡಲಿಗಳು ಆ ದ್ವೀಪದ ಉದ್ದಗಲಕ್ಕೂ ಹರಡಿದ್ದು ಬೆಳಕಿಗೆ ಬಂದದ್ದು ಹಾಗೆ.

ನಮಗೂ ಜಿಲ್ಲೆಗೊಂದರಂತೆ ಮೂಲಶಿಲೆಗಳ ಮಾದರಿ ಸಂಗ್ರಹ ಬೇಕು. ಯಾವ ಗುಡ್ಡ, ಯಾವ ಹಳ್ಳ, ಹೊಸ ಮುಖ ಹೇಗಿದೆ, ಏಟಿಗೆ ಹೇಗೆ ಒಡೆಯುತ್ತದೆ ಎಂಬ ವಿವರದೊಂದಿಗೆ ಅದು ವಿದ್ಯಾರ್ಥಿಗಳ ಕೈಗೆ ಸಿಗಬೇಕು. ಕಲ್ಲು ಯಾವ ಮಗ್ಗುಲಿಗೆ ಸೀಳುತ್ತದೆ ಎಂದು ಬಲ್ಲ ಕಲ್ಲುಕುಟಿಗರ ತಿಳಿವಳಿಕೆಯನ್ನೂ ಅದರಲ್ಲಿ ಬರೆದಿಡಬೇಕು. ತಡಮಾಡುವಂತಿಲ್ಲ: ಸಂಗನಕಲ್ಲಿನ ಸುತ್ತಲ ಗುಡ್ಡಗಳಿಗೆ ಇಂದಿನ ಕಲ್ಲುಗಣಿಗಾರಿಕೆಯ ಕಾಟ ತಪ್ಪಿಲ್ಲ. ಆಯುಧ ಮ್ಯೂಸಿಯಮ್ಮಿನಲ್ಲಿ ಭದ್ರವಾಗಿದ್ದು, ಅದು ಬಂದ ಡೈಕು ಜಲ್ಲಿಯಾಗಿ ಹೋದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಆಯುಧ ಸಿಕ್ಕ ನೆಲೆಗೆ ಕೊಡುವಷ್ಟೇ ರಕ್ಷಣೆಯನ್ನು ಕಲ್ಲು ತೆಗೆದ ಗುಡ್ಡಕ್ಕೂ ಕೊಡಬೇಕು. ಇಸಾಂಪುರ, ಹಿರೇಗುಡ್ಡಗಳ ಕೆಲಸ ತೋರಿಸಿಕೊಟ್ಟ ಮಟ್ಟಕ್ಕೆ ಉಳಿದ ನೆಲೆಗಳ ಅಧ್ಯಯನವೂ ಏರಬೇಕಾದರೆ ಬೇರೆ ದಾರಿಯಿಲ್ಲ.