ನಾಯಿ–ಬೆಕ್ಕಿನ ಜಾವಾ ಪಾಠ ಸಾಕು

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ಮೊದಲ ಪಾಠ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರಿಗೆಲ್ಲ ಬಾಯಿಪಾಠ. ‘ಅನಿಮಲ್’ ಎಂಬ ಕ್ಲಾಸ್, ಅದರಿಂದ ಹುಟ್ಟಿದ ‘ಡಾಗ್’ ಮತ್ತು ‘ಕ್ಯಾಟ್’. ಒಂದು ಬೊಗಳುತ್ತದೆ, ಇನ್ನೊಂದು ಮಿಯಾಂವ್ ಎನ್ನುತ್ತದೆ. ಜೊತೆಗೆ ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ನಾಲ್ಕು ಕಂಬಗಳು. ನಿಜ ಜಗತ್ತನ್ನೇ ಕೋಡ್‌ಗೆ ಇಳಿಸುವುದು ಈ ಪದ್ಧತಿಯ ಗುಟ್ಟು, ಹಾಗಾಗಿ ಹೊಸಬರಿಗೆ ಇದೇ ಸಲೀಸಾದ ದಾರಿ ಎಂಬ ನಂಬಿಕೆ ಗಟ್ಟಿಯಾಗಿದೆ. ಜಾವಾದ ಮೇಲೆ ಪ್ರೀತಿ ಇಟ್ಟುಕೊಂಡೇ ಹೇಳುತ್ತೇನೆ: ಈ ದಾರಿ ಸಲೀಸೂ ಅಲ್ಲ, ಸರಿಯೂ ಅಲ್ಲ.

ನಾಯಿ–ಬೆಕ್ಕಿನ ಪ್ರೋಗ್ರಾಂ ಯಾವ ಸಮಸ್ಯೆಯನ್ನೂ ಬಿಡಿಸುವುದಿಲ್ಲ. ಎರಡು ಸಾಲು ಪ್ರಿಂಟ್ ಮಾಡಲು ಅಲ್ಲಿ ಮೂರು ಕ್ಲಾಸ್ ಬೇಕಾಗುತ್ತವೆ. ವಿದ್ಯಾರ್ಥಿ ಅದರಿಂದ ಕಲಿಯುವುದು ವರ್ಗೀಕರಣವನ್ನು ಮಾತ್ರ. ಯಾವ ಡೇಟಾ ಯಾರ ವಶದಲ್ಲಿರಬೇಕು, ಅದನ್ನು ಬದಲಿಸುವ ಹಕ್ಕು ಯಾರಿಗೆ ಎಂಬ ಮುಖ್ಯ ಪ್ರಶ್ನೆ ಏಳುವುದೇ ಇಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಈ ಪದ್ಧತಿಯ ಮೂಲವಾದ ಸಿಮುಲಾ ಭಾಷೆ ಹುಟ್ಟಿದ್ದೇ ನಿಜ ಜಗತ್ತಿನ ಸಿಮ್ಯುಲೇಶನ್‌ಗಾಗಿ ಅಲ್ಲವೇ? ಹೌದು. ಆದರೆ ಅದನ್ನು ರೂಪಿಸಿದ ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಅವರ ಮುಂದಿದ್ದ ಉದಾಹರಣೆಗಳಲ್ಲಿ ಒಂದು, ಸೇತುವೆಯ ಟೋಲ್ ಗೇಟಿನಲ್ಲಿ ಸಾಲುಗಟ್ಟಿದ ಲಾರಿ, ಬಸ್ಸುಗಳದು. ಬೇರೆ ಬೇರೆ ಬಗೆಯ ವಾಹನಗಳನ್ನು ಒಂದೇ ಕ್ಯೂನಲ್ಲಿ ನಿಲ್ಲಿಸುವುದು ಹೇಗೆ ಎಂಬ ತೊಡಕು ಅವರನ್ನು ಸಿಮುಲಾ 67ರ ಸಬ್‌ಕ್ಲಾಸ್‌ನತ್ತ ಒಯ್ದಿತು. ಅಲ್ಲಿ ಕೆಲಸ ಮೊದಲು, ವರ್ಗೀಕರಣ ಆಮೇಲೆ. ನಮ್ಮ ತರಗತಿ ಇದನ್ನು ತಿರುವುಮುರುವು ಮಾಡಿದೆ. ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂಬ ಹೆಸರನ್ನೇ ಟಂಕಿಸಿದ ಆಲನ್ ಕೇ ಕೂಡ, ಮುಖ್ಯವಾದದ್ದು ಆಬ್ಜೆಕ್ಟ್‌ಗಳ ನಡುವಿನ ಸಂದೇಶ ವಿನಿಮಯವೇ ಎಂದು 1998ರಲ್ಲಿ ಬರೆದರು.

ಇನ್‌ಹೆರಿಟೆನ್ಸ್ ಅವಸರದಲ್ಲಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಜಾವಾದ ಸ್ವಂತ ಲೈಬ್ರರಿಯಲ್ಲೇ ಇದೆ. ಸ್ಟ್ಯಾಕ್ ಎಂದರೆ ಕೊನೆಗೆ ಸೇರಿಸಿದ್ದೇ ಮೊದಲು ಹೊರಬರಬೇಕು. ಅದೇ ಅದರ ನಿಯಮ. ಆದರೆ ಜಾವಾದ ‘ಸ್ಟ್ಯಾಕ್’ ಕ್ಲಾಸ್ ‘ವೆಕ್ಟರ್’ನಿಂದ ಇನ್‌ಹೆರಿಟ್ ಆಗಿದೆ. ವೆಕ್ಟರ್‌ನ ಮೆಥಡ್‌ಗಳೆಲ್ಲ ಅದಕ್ಕೂ ಬಂದಿರುವುದರಿಂದ ಯಾರು ಬೇಕಾದರೂ ನಡುವೆ ಒಂದು ಎಲಿಮೆಂಟ್ ತುರುಕಬಹುದು. ಇವತ್ತು ಅಧಿಕೃತ ಡಾಕ್ಯುಮೆಂಟೇಶನ್ನೇ ಅದರ ಬದಲು ‘ಡೆಕ್’ ಬಳಸಿ ಎನ್ನುತ್ತದೆ. ಇನ್‌ಹೆರಿಟೆನ್ಸ್‌ಗಿಂತ ಕಾಂಪೊಸಿಷನ್ ಮೇಲು ಎಂದು 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕವೇ ಹೇಳಿತ್ತು. ಅನುಭವಿಗಳೂ ಎಡವುವ ಸಾಧನವನ್ನು ಹೊಸಬರ ಕೈಗೆ ಮೊದಲ ತಿಂಗಳೇ ಯಾಕೆ ಕೊಡಬೇಕು?

ಎನ್‌ಕ್ಯಾಪ್ಸುಲೇಶನ್ ಕಲಿಸುತ್ತೇವಲ್ಲ ಎನ್ನುವವರು ಒಂದು ಲ್ಯಾಬ್ ರೆಕಾರ್ಡ್ ತೆರೆದು ನೋಡಲಿ. ‘ಅಕೌಂಟ್’ ಕ್ಲಾಸ್‌ನ ‘ಬ್ಯಾಲೆನ್ಸ್’ ಪ್ರೈವೇಟ್ ಆಗಿರುತ್ತದೆ. ಕೆಳಗೇ ‘ಸೆಟ್‌ಬ್ಯಾಲೆನ್ಸ್’ ಎಂಬ ಪಬ್ಲಿಕ್ ಮೆಥಡ್ ಇರುತ್ತದೆ, ಯಾವ ತಪಾಸಣೆಯೂ ಇಲ್ಲದೆ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅದರಲ್ಲೇ ಬಿಟ್ಟುಹೋದ ಹಾಗೆ. ಅಲ್ಲಿ ಬೇಕಾದದ್ದು ‘ಡೆಪಾಸಿಟ್’ ಮತ್ತು ‘ವಿತ್‌ಡ್ರಾ’: ಋಣ ಸಂಖ್ಯೆ ಬಂದರೆ ನಿರಾಕರಿಸುವ, ಇರುವುದಕ್ಕಿಂತ ಹೆಚ್ಚು ಕೇಳಿದರೆ ಎಕ್ಸೆಪ್ಶನ್ ಎಸೆಯುವ ಎರಡು ಮೆಥಡ್‌ಗಳು.

ದೋಷ ಜಾವಾದ ಸಿಂಟ್ಯಾಕ್ಸ್‌ನದು, ಪೈಥಾನ್ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದ ಅರ್ಧ ಸತ್ಯ. ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ ಸಾಲು ಹೊಸಬರನ್ನು ಹೆದರಿಸುತ್ತಿದ್ದುದು ನಿಜ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಚಿಕ್ಕ ಪ್ರೋಗ್ರಾಂಗಳಿಗೆ ಅದು ಕಡ್ಡಾಯವಲ್ಲ. ಆದರೆ ಪೈಥಾನ್ ಪಾಠಗಳಲ್ಲೂ ಅದೇ ನಾಯಿ ಬೊಗಳುತ್ತದೆ. ಭಾಷೆ ತಿದ್ದಿಕೊಂಡರೂ ಪಾಠ ತಿದ್ದಿಕೊಂಡಿಲ್ಲ.

ಇಂಟರ್‌ವ್ಯೂನಲ್ಲಿ ನಾಲ್ಕು ಕಂಬಗಳನ್ನೇ ಕೇಳುತ್ತಾರೆ ಎಂಬುದು ಕೊನೆಯ ಸಮರ್ಥನೆ. ಕೇಳಲಿ, ಆ ವ್ಯಾಖ್ಯೆಗಳಿಗೆ ಒಂದು ಸಂಜೆ ಸಾಕು. ಮೊದಲ ವಾರಗಳಲ್ಲಿ ಸ್ಟ್ರಿಂಗ್, ಅರೇಲಿಸ್ಟ್‌ನಂಥ ಸಿದ್ಧ ಆಬ್ಜೆಕ್ಟ್‌ಗಳನ್ನು ಬಳಸಿ ಕೈ ಪಳಗಿಸಿಕೊಳ್ಳಿ. ಆಮೇಲೆ ತಪ್ಪು ಬಳಕೆಯನ್ನು ನಿರಾಕರಿಸುವ ಒಂದೇ ಒಂದು ಕ್ಲಾಸ್ ಬರೆಯಿರಿ. ಒಂದೇ ಕೆಲಸವನ್ನು ಎರಡು ಕ್ಲಾಸ್‌ಗಳು ಬೇರೆ ಬೇರೆ ರೀತಿಯಲ್ಲಿ ಮಾಡಬೇಕಾಗಿ ಬಂದ ದಿನ ಇಂಟರ್‌ಫೇಸ್ ಕಲಿಯಿರಿ. ಇನ್‌ಹೆರಿಟೆನ್ಸ್ ಕೊನೆಯ ಅಧ್ಯಾಯವಾಗಿರಲಿ.