ಕಾರ್ಖಾನೆಯ ಹಾಡು

'ನಮ್ಮ ಕಾಲದ ಹಾಡೇ ಹಾಡು, ಈಗಿನದೆಲ್ಲ ಕಾರ್ಖಾನೆಯ ಸರಕು' ಎಂದು ಹಿರಿಯರು ದೂರದ ತಲೆಮಾರಿಲ್ಲ. ಅಮೆರಿಕದ ಪಾಪ್ ಸಂಗೀತದ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಅಲ್ಲಿನ ಹಿರಿಯರು ಹೆಮ್ಮೆಪಡುವ ಅರವತ್ತರ ದಶಕದಲ್ಲೇ ಕಾರ್ಖಾನೆ ಭರದಿಂದ ನಡೆದಿತ್ತು.

1966ರಲ್ಲಿ ಪ್ರಸಾರವಾದ ಟಿ.ವಿ. ಧಾರಾವಾಹಿಯೊಂದಕ್ಕಾಗಿ ನಾಲ್ವರು ಯುವಕರನ್ನು ಆರಿಸಿ 'ದಿ ಮಂಕೀಸ್' ತಂಡ ಕಟ್ಟಲಾಗಿತ್ತು. ಹಾಡು ಬರೆದವರು, ವಾದ್ಯ ನುಡಿಸಿದವರು ಹೆಚ್ಚಾಗಿ ಬೇರೆಯವರು. ಇವರದು ಕಂಠ ಮತ್ತು ಮುಖ. ಕೊನೆಗೆ ಅವರು ತಿರುಗಿಬಿದ್ದರು. 1967ರ 'ಹೆಡ್‌ಕ್ವಾರ್ಟರ್ಸ್' ಆಲ್ಬಂನಲ್ಲಿ ಬಹುಪಾಲು ವಾದ್ಯಗಳನ್ನು ತಾವೇ ನುಡಿಸಿದರು. ಸಂಗೀತದ ಉಸ್ತುವಾರಿ ಹೊತ್ತಿದ್ದ ಡಾನ್ ಕಿರ್ಶ್ನರ್ ಹೊರಬೀಳಬೇಕಾಯಿತು. ಮುಂದೆ ಅವರು ಸಂಗೀತ ಹೊಂದಿಸಿದ್ದು ಕಾರ್ಟೂನ್ ತಂಡವೊಂದಕ್ಕೆ: 'ದಿ ಆರ್ಚೀಸ್'. ಕಾರ್ಟೂನ್ ಎದುರಾಡುವುದಿಲ್ಲವಲ್ಲ! ವುಡ್‌ಸ್ಟಾಕ್ ಉತ್ಸವ ನಡೆದ 1969ರಲ್ಲೇ ಅದರ 'ಶುಗರ್, ಶುಗರ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು.

ಆ ಹಾಡು ಕಿವಿಗೆ ಇಂಪು, ಅಲ್ಲಗಳೆಯಲಾಗದು. 'ಹೆಡ್‌ಕ್ವಾರ್ಟರ್ಸ್'ನ ನುಡಿಸಾಣಿಕೆ ಒರಟು. ಆದರೆ ಅದರಲ್ಲಿ ನಾಲ್ವರು ಮನುಷ್ಯರ ಹಟವಿದೆ. ಕಂಪ್ಯೂಟರೇ ಹಾಡು ಕಟ್ಟುವ ಈ ದಿನಗಳಲ್ಲಿ ನಾವು ಕೇಳಬೇಕಾದದ್ದು ಹಾಡು ಹಳೆಯದೋ ಹೊಸದೋ ಎಂದಲ್ಲ. ಹಾಡುವವನಿಗೆ 'ಒಲ್ಲೆ' ಎನ್ನುವ ಹಕ್ಕು ಉಳಿದಿದೆಯೇ ಎಂದು.