ಹೊಸಬರಿಗೆ ಬೇರೆ ಪಂಕ್ತಿ ಯಾಕೆ?

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಚೊಚ್ಚಲ ನಿರ್ದೇಶಕರಿಗೆ 1980ರ ಸಾಲಿನಿಂದ ಪ್ರತ್ಯೇಕ ಬಹುಮಾನವಿದೆ. ಬಾಲನಟರಿಗೂ ಇದೆ. ಮೊದಲ ಸಲ ಬಣ್ಣ ಹಚ್ಚಿದ ದೊಡ್ಡವರಿಗೆ ಮಾತ್ರ ಇಲ್ಲ. ಫ್ರಾನ್ಸಿನ ಸೀಸರ್ ಪ್ರಶಸ್ತಿಯಲ್ಲಿ 1983ರಿಂದಲೇ ಹೊಸ ನಟ, ನಟಿಯರಿಗೆ ಒಂದೊಂದು ಬಹುಮಾನವಿದೆ. ನಮ್ಮಲ್ಲೂ ಯಾಕಿರಬಾರದು ಎಂದು ಯಾರಿಗಾದರೂ ಅನ್ನಿಸೀತು. ನನಗೆ ಅದು ಪಂಕ್ತಿಭೇದದಂತೆ ಕಾಣುತ್ತದೆ.

ಗಿರೀಶ್ ಕಾರ್ನಾಡರ ‘ಕಾಡು’ ನೆನಪಿಸಿಕೊಳ್ಳಿ. ಗಂಡ ಪಕ್ಕದೂರಿನವಳ ಹಿಂದೆ ಹೋದ ಮೇಲೆ ಮನೆಯಲ್ಲಿ ಉಳಿದ ಕಮಲಿಯ ಕಾಯುವಿಕೆಯನ್ನು ಹುಡುಗ ಕಿಟ್ಟಿಯ ಕಣ್ಣಿನಿಂದ ನೋಡುತ್ತೇವೆ. 1973ರ ಸಾಲಿನಲ್ಲಿ ಕಿಟ್ಟಿಯಾದ ಜಿ.ಎಸ್. ನಟರಾಜ್ ಶ್ರೇಷ್ಠ ಬಾಲನಟನಾದ. ಕಮಲಿಯಾದ ನಂದಿನಿ ಭಕ್ತವತ್ಸಲ ಮೊದಲ ಚಿತ್ರಕ್ಕೇ ಶ್ರೇಷ್ಠ ನಟಿಯಾದರು. ‘ಮೃಗಯಾ’ದ ಮಿಥುನ್ ಚಕ್ರವರ್ತಿ, ‘ನಖಕ್ಷತಂಗಳ್’ನಲ್ಲಿ ಅಭಿನಯಿಸಿದ ಬೆಂಗಳೂರಲ್ಲಿ ಬೆಳೆದ ಹುಡುಗಿ ಮೋನಿಷಾ ಕೂಡ ಹೀಗೆಯೇ ಗೆದ್ದವರು. ಹೊಸಬರಿಗೆಂದು ಬೇರೆ ಬಹುಮಾನ ಇದ್ದಿದ್ದರೆ ಇವರನ್ನೆಲ್ಲ ಅಲ್ಲೇ ಸಮಾಧಾನಪಡಿಸಿ ಕಳಿಸುವುದು ಸುಲಭವಾಗುತ್ತಿತ್ತು.

ಫ್ರೆಂಚರು ತಮ್ಮ ಬಹುಮಾನಕ್ಕೆ ಇಟ್ಟ ಹೆಸರಿನಲ್ಲಿ ‘ಭರವಸೆ’ ಎಂಬ ಪದವಿತ್ತು. ಅಂದರೆ ನಾಳೆಯ ಮೇಲೆ ಕಟ್ಟಿದ ಪಣ. 2010ರಲ್ಲಿ ‘ಅನ್ ಪ್ರೊಫೆತ್’ ಚಿತ್ರದ ಕೈದಿಯ ಪಾತ್ರಕ್ಕೆ ತಾಹರ್ ರಹೀಮ್ ಭರವಸೆಯ ನಟನೂ ಆದ, ಶ್ರೇಷ್ಠ ನಟನೂ ಆದ. ಆ ವರ್ಷದ ಎಲ್ಲರಿಗಿಂತ ಚೆನ್ನಾಗಿ ನಟಿಸಿದವನಲ್ಲಿ ಇನ್ನು ಭರವಸೆ ಇಡುವುದೇನು ಬಂತು?

ಹಾಗೆಂದು ನಮ್ಮ ಪದ್ಧತಿ ನಿರ್ದೋಷಿಯಲ್ಲ. ಇರುವುದು ಒಂದು ಪೀಠ, ಅದರ ಸುತ್ತ ಹೆಸರುವಾಸಿಗಳು. 2015ರ ಸಾಲಿನಲ್ಲಿ ‘ತಿಥಿ’ ಶ್ರೇಷ್ಠ ಕನ್ನಡ ಚಿತ್ರವಾಯಿತು. ಕುರಿಗಾಹಿಗಳ ಬೆಂಕಿಯೆದುರು ಕೂತು ಗಡ್ಡಪ್ಪ ತನ್ನ ಬಾಳಿನ ಕಹಿಯನ್ನು ದನಿ ಏರಿಸದೆ ಹೇಳಿ ಮುಗಿಸುವ ದೃಶ್ಯವೊಂದೇ ಸಾಕಿತ್ತು. ಆದರೆ ಗಡ್ಡಪ್ಪನಾದ ಹಳ್ಳಿಯ ಚನ್ನೇಗೌಡರಿಗೆ ಅಭಿನಯದ ಪ್ರಶಸ್ತಿ ಬರಲಿಲ್ಲ. ಶ್ರೇಷ್ಠ ನಟ ‘ಪೀಕು’ವಿನ ಅಮಿತಾಭ್ ಬಚ್ಚನ್. ‘ಸೈರಾಟ್’ನ ಹೊಸ ಹುಡುಗಿ ರಿಂಕು ರಾಜಗುರುಗೆ ಸಿಕ್ಕಿದ್ದು ವಿಶೇಷ ಉಲ್ಲೇಖ, ಪಂಕ್ತಿಯ ತುದಿಯಲ್ಲಿ ಹಾಕಿದ ಎಲೆ.

ಇದು ತೀರ್ಪುಗಾರರ ಕಣ್ಣಿನ ದೋಷ. ಹೊಸದೊಂದು ವಿಭಾಗ ತೆರೆದರೆ ವಾಸಿಯಾಗುವುದಲ್ಲ. ಆ ಬಿಳಿಗಡ್ಡದ ಮುದುಕರನ್ನು ಕರೆದು ‘ಭರವಸೆಯ ಹೊಸ ಪ್ರತಿಭೆ’ ಎಂದು ಶಾಲು ಹೊದಿಸಿದ್ದರೆ ನಗೆಪಾಟಲಾಗುತ್ತಿತ್ತು. ಅವರಿಗೆ ಸಲ್ಲಬೇಕಿದ್ದದ್ದು ಬಚ್ಚನ್ ಕೂತ ಪಂಕ್ತಿಯಲ್ಲೇ ಒಂದು ಎಲೆ.